ಸಂಡಾಸು ಎಷ್ಟು ದೂರ?

ದಾವಣಗೆರೆಯಲ್ಲಿ ಹೊಟ್ಟೆ-ಕರುಳಿನ ಓಪಿಡಿ ನೋಡುತ್ತ ಬಹಳ ಕಾಲವಾಯಿತು. ಬರುವವರಲ್ಲಿ ಹೆಚ್ಚಿನವರಿಗೆ ಗ್ಯಾಸು, ಅಸಿಡಿಟಿ, ಮೂಲವ್ಯಾಧಿ. ನನ್ನನ್ನು ಹೆಚ್ಚು ಸಲ ಸೋಲಿಸಿದವರು ಮಾತ್ರ ಬೇರೆ: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆಯವರು. ಮೊದಲನೆಯದು ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣೆಬ್ಬಿಸಿ ರಕ್ತ, ಸಿಂಬಳ ಹರಿಸುತ್ತದೆ. ಎರಡನೆಯದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಾಗಿ ಸಣ್ಣ ಕರುಳಿನ ತುದಿಯಲ್ಲಿ ಕೂತು ಕರುಳಿನ ಗೋಡೆಯ ಆಳಕ್ಕಿಳಿಯುತ್ತದೆ. ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನಲ್ಲೇ ಸಾಮಾನ್ಯವಾಗಿ ಶುರು. ಮಾತ್ರೆಗೆ ಹತೋಟಿಗೆ ಬರುತ್ತವೆ, ಬಿಟ್ಟು ಹೋಗುವುದಿಲ್ಲ.

ಯಾವ ಔಷಧಿ, ಎಷ್ಟು ಎಂಬುದಕ್ಕೆ ಪುಸ್ತಕಗಳಿವೆ. ಅದೇ ಔಷಧಿ ಒಂದು ಮನೆಯಲ್ಲಿ ಗೆದ್ದು ಪಕ್ಕದ ಮನೆಯಲ್ಲಿ ಯಾಕೆ ಸೋಲುತ್ತದೆ ಎಂಬುದನ್ನು ನನಗೆ ಕಲಿಸಿದವರು ರೋಗಿಗಳು, ಅವರಿಗಿಂತ ಹೆಚ್ಚಾಗಿ ನಮ್ಮ ಓಪಿಡಿಯ ಸಿಸ್ಟರು. ಗುರುತು ಸಿಗದ ಹಾಗೆ ಊರು, ವಯಸ್ಸು ಅದಲುಬದಲು ಮಾಡಿದ್ದೇನೆ. ತಪ್ಪುಗಳು ನಡೆದದ್ದು ನಡೆದ ಹಾಗೇ ಇವೆ.

1. ಎಷ್ಟು ಸಲ ಎಂದು ಕೇಳಿದರೆ ಸಾಲದು, ಎಲ್ಲಿಗೆ ಎಂದೂ ಕೇಳಬೇಕು

ಕೊಲೈಟಿಸ್ ಎಷ್ಟು ಜೋರಾಗಿದೆ ಎಂದು ಅಳೆಯಲು ನಾವು ಇವತ್ತಿಗೂ ಬಳಸುವುದು 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಕೊಟ್ಟ ಅಳತೆ. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರವೋ, 90 ದಾಟಿದ ನಾಡಿಯೋ, 10.5ಕ್ಕಿಂತ ಕೆಳಗಿಳಿದ ಹಿಮೋಗ್ಲೋಬಿನ್ನೋ ಇದ್ದರೆ ಕಾಯಿಲೆ ತೀವ್ರ, ತಡಮಾಡದೆ ದಾಖಲು ಮಾಡಿಕೊಳ್ಳಬೇಕು. ಜಗಳೂರು ಕಡೆಯ ಹೆಣ್ಣುಮಗಳೊಬ್ಬಳಿಗೆ "ದಿನಕ್ಕೆ ಎಷ್ಟು ಸಲ ಹೊರಕಡೆ ಹೋಗ್ತೀಯಮ್ಮಾ?" ಅಂದೆ. "ಎರಡೇ ಸಲ ಸರ್" ಅಂದಳು. ಸಂತೋಷವಾಯಿತು. ಮಾತ್ರೆ ಹಿಡಿದಿದೆ ಎಂದು ಬರೆದು ಕಳಿಸಿದೆ. ಮುಂದಿನ ಸಲ ಬಂದಾಗ ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದಿದ್ದಳು, ಹಿಮೋಗ್ಲೋಬಿನ್ ಆರರ ಆಸುಪಾಸಿನಲ್ಲಿತ್ತು.

ಸಿಸ್ಟರು ಅವಳನ್ನು ಬದಿಗೆ ಕರೆದು ಕೂರಿಸಿಕೊಂಡ ಮೇಲೆ ಗೊತ್ತಾಯಿತು. ಮನೆಯ ಹಿಂದೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಸಂಡಾಸು ಇತ್ತು, ಒಳಗೆ ಕಟ್ಟಿಗೆ, ಕುಳ್ಳು ತುಂಬಿತ್ತು. ನೀರನ್ನು ಹೇಗೂ ಹೊತ್ತೇ ತರಬೇಕು. ಹೀಗಾಗಿ ಬೆಳಗಿನ ಜಾವ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಬಯಲಿಗೆ. ನಡುವೆ ಒತ್ತಡ ಬರಬಾರದೆಂದು ಹಗಲಿಡೀ ಉಣ್ಣುತ್ತಲೇ ಇರಲಿಲ್ಲ, ನೀರೂ ಗುಟುಕಷ್ಟೇ. ಅವಳು ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆ ಸಂಡಾಸು ಕೈಗೆಟುಕುವಷ್ಟು ಹತ್ತಿರ ಇರುವವರಿಗೆಂದು ಮಾಡಿದ್ದು. ಈಗ ಕೇಳುವ ಕ್ರಮ ಬದಲಾಗಿದೆ: ಎಲ್ಲಿಗೆ ಹೋಗ್ತೀರಿ, ಎಷ್ಟು ದೂರ, ನೀರು ಯಾರು ತರೋದು, ತಡೆದುಕೊಂಡದ್ದು ಎಷ್ಟು ಸಲ, ಊಟ ಬಿಟ್ಟದ್ದು ಎಷ್ಟು ಹೊತ್ತು. ಆಮೇಲೆ ಲೆಕ್ಕ. ಲೆಕ್ಕದ ಮೇಲೂ ಪೂರ್ತಿ ನಂಬಿಕೆಯಿಲ್ಲ. ತೂಕ ಮತ್ತು ರಕ್ತಪರೀಕ್ಷೆ ನೋಡದೆ ಯಾರಿಗೂ "ಆರಾಮಾಗಿದ್ದೀರಿ" ಅನ್ನುವುದಿಲ್ಲ.

2. ಹೊಟ್ಟೆ ತೊಳೆಯುವ ಔಷಧಿ ಕುಡಿಸಿ ಬಸ್ಸು ಹತ್ತಿಸಬಾರದು

ಇದನ್ನು ಪಾಠ ಅಂತ ಬರೆಯುವುದಕ್ಕೇ ನಾಚಿಕೆ. ಕೊಲೊನೋಸ್ಕೋಪಿಗೆ ಮೊದಲು ಲೀಟರುಗಟ್ಟಲೆ ಭೇದಿ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ನಮ್ಮ ಚೀಟಿಯಲ್ಲಿ ಅಚ್ಚಾಗಿದ್ದದ್ದು: ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಬೆಳಿಗ್ಗೆ ಐದಕ್ಕೆ, ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ನಗರದೊಳಗಿನವರಿಗೆ ಸರಿ. ಹರಪನಹಳ್ಳಿಯಾಚೆಯ ಹಳ್ಳಿಯಿಂದ ಬಂದ ಹಿರಿಯರೊಬ್ಬರು ಚೀಟಿಯಲ್ಲಿದ್ದದ್ದನ್ನು ಚಾಚೂ ತಪ್ಪದೆ ಪಾಲಿಸಿ, ಐದಕ್ಕೆ ಔಷಧಿ ಕುಡಿದು, ಆರರ ಕೆಂಪು ಬಸ್ಸು ಹತ್ತಿದರು. ದಾರಿಯಲ್ಲಿ ಮೂರು ಕಡೆ ಕಂಡಕ್ಟರಿಗೆ ಕೈಮುಗಿದು ಇಳಿದರು. ಮೂರನೆಯ ಕಡೆ ಬಸ್ಸು ಕಾಯಲಿಲ್ಲ. ಆಸ್ಪತ್ರೆಗೆ ಬಂದಾಗ ಪಂಚೆ ಬದಲಾಗಿತ್ತು, ಮಗನ ಮೇಲೆ ಸಿಟ್ಟಿತ್ತು, ನನ್ನ ಮೇಲೆ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಈಗ ಬೆಳಗಿನ ಸರದಿ ಊರಿನವರಿಗೆ. ದೂರದವರಿಗೆ ಮಧ್ಯಾಹ್ನದ ಸರದಿ ಕೊಟ್ಟು, ಬೆಳಿಗ್ಗೆಯ ಪಾಲನ್ನು ಇಲ್ಲಿಗೇ ಬಂದು ಕುಡಿಯಿರಿ ಅನ್ನುತ್ತೇವೆ. ಅಶಕ್ತರಾದವರು ಹಿಂದಿನ ಸಂಜೆಯೇ ಬಂದು ವಾರ್ಡಿನಲ್ಲಿ ಮಲಗುತ್ತಾರೆ. ರೈಲು ಮಾರ್ಗ ಇರುವ ಕಡೆಯವರಿಗೆ ರೈಲಿಗೇ ಬನ್ನಿ ಎಂದು ಹೇಳುವುದನ್ನು ರೋಗಿಗಳಿಂದಲೇ ಕಲಿತೆ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದಾಗಲೂ ಅವರು ಬಸ್ಸಿನ ವೇಗ ನೋಡುವುದಿಲ್ಲ, ರೈಲಿನಲ್ಲಿ ಸಂಡಾಸು ಇದೆ ಎಂಬುದನ್ನಷ್ಟೇ ನೋಡುತ್ತಾರೆ. ಪೆಟ್ರೋಲ್ ಬಂಕುಗಳು ಗ್ರಾಹಕರಿಗೆ ಶೌಚಾಲಯವನ್ನು ಪುಕ್ಕಟೆ ಬಿಡಬೇಕೆಂಬ ನಿಯಮವಿದೆ. ಇದು ಗೊತ್ತಿರುವವರು ಕಡಿಮೆ.

3. ಮೊದಲು ನಮ್ಮ ಸಂಡಾಸಿನ ಬೀಗ ನೋಡಿಕೊಳ್ಳಬೇಕು

ಮೇಲಿನದೆಲ್ಲ ದೊಡ್ಡದಾಗಿ ಹೇಳಿದೆ. ಕರುಳಿನ ರೋಗಿಗಳು ತಾಸುಗಟ್ಟಲೆ ಕೂರುತ್ತಿದ್ದ ನಮ್ಮದೇ ಓಪಿಡಿಯ ಶೌಚಾಲಯಕ್ಕೆ ಬೀಗ ಹಾಕಿರುತ್ತಿದ್ದರು, ಕೀಲಿ ಗೇಟಿನ ಸೆಕ್ಯೂರಿಟಿ ಹತ್ತಿರ. "ಹೊರಗಿನವರು ಗಲೀಜು ಮಾಡ್ತಾರೆ ಸರ್." ವರ್ಷಗಟ್ಟಲೆ ನನಗೆ ಇದು ತಿಳಿದಿರಲೇ ಇಲ್ಲ, ಡಾಕ್ಟರುಗಳಿಗೆ ಬೇರೆ ಇದೆಯಲ್ಲ. ಈಗ ಕೀಲಿ ಸಿಸ್ಟರ ಮೇಜಿನ ಮೇಲಿದೆ. ಮಧ್ಯಾಹ್ನದ ಮೇಲೆ ನಲ್ಲಿಯಲ್ಲಿ ನೀರು ಬರುವುದು ಇನ್ನೂ ಖಾತ್ರಿಯಿಲ್ಲ.

4. ಎನಿಮಾ ಬರೆದುಕೊಡುವುದು ಸುಲಭ, ಅದನ್ನು ಹಾಕಿಕೊಳ್ಳಲು ಕೋಣೆ ಬೇಕು

ಗುದದ ಹತ್ತಿರವಷ್ಟೇ ಹುಣ್ಣಿದ್ದರೆ ಬಾಯಿಂದ ನುಂಗುವ ಮಾತ್ರೆಗಿಂತ ಕೆಳಗಿನಿಂದ ಹಾಕುವ ಮೆಸಾಲಮಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಹುಮ್ಮಸ್ಸಿನಿಂದ ಎನಿಮಾ ಬರೆಯುತ್ತಿದ್ದೆ. ರಾತ್ರಿ ಮಲಗುವಾಗ, ಎಡಮಗ್ಗುಲಿಗೆ ತಿರುಗಿ ಹಾಕಿಕೊಂಡು, ಬೆಳಗಿನವರೆಗೆ ಒಳಗೆ ಉಳಿಸಿಕೊಳ್ಳಿ ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ಸೊಸೆಯೊಬ್ಬಳು ತಿಂಗಳ ನಂತರ ಪೆಟ್ಟಿಗೆಯನ್ನು ಸೀಲು ಒಡೆಯದೆ ವಾಪಸು ತಂದಳು. "ಬ್ಯಾರೆಯವರಿಗೆ ಕೊಡ್ರಿ ಸರ್, ದುಡ್ಡಿಂದು" ಅಂದಳು. ನಾನು ಔಷಧಿಯ ಮಹತ್ವ ವಿವರಿಸಲು ಶುರುಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡಳು.

ಅವಳ ಮನೆಯಲ್ಲಿ ಎಲ್ಲರೂ ಮಲಗುವುದು ಒಂದೇ ಪಡಸಾಲೆಯಲ್ಲಿ: ಅತ್ತೆ, ಮಾವ, ನಾದಿನಿ, ಎರಡು ಮಕ್ಕಳು. ದೀಪ ಆರಿಸಿದ ಮೇಲೂ ಕದಲಿದರೆ ಗೊತ್ತಾಗುವಷ್ಟು ಜಾಗ. ಹಾಸಿಗೆ ಒದ್ದೆಯಾದರೆ ಬೆಳಿಗ್ಗೆ ಒಗೆಯುವುದು ಎಲ್ಲರೆದುರು, ಮಡಿ ಮೈಲಿಗೆಯ ಮಾತು ಬೇರೆ. ಇಷ್ಟನ್ನೂ ಹೊರತೆಗೆದವರು ಸಿಸ್ಟರು. ಉಪಾಯ ಹುಡುಕಿದವರೂ ಅವರೇ. ಎನಿಮಾದ ಬದಲು ಸಪೋಸಿಟರಿ ಬರೆಯಿರಿ, ಅದು ಬತ್ತಿಯ ಹಾಗೆ ಚಿಕ್ಕದು, ಸೋರುವುದು ಕಡಿಮೆ. ಹೊತ್ತು ರಾತ್ರಿಯೇ ಆಗಬೇಕೆಂದೇನಿಲ್ಲ, ಮನೆಯವರು ಹೊಲಕ್ಕೆ ಹೋದ ಮೇಲೆ ಹಾಕಿಕೊಂಡು ಒಂದು ತಾಸು ಅಡ್ಡಾಗಲಿ ಅಂದರು. ಅಡ್ಡಾಗುವುದಕ್ಕೆ ನೆಪ ಬೇಕಲ್ಲ? "ಮಧ್ಯಾಹ್ನ ಒಂದು ತಾಸು ಕಡ್ಡಾಯ ವಿಶ್ರಾಂತಿ" ಎಂದು ಆಸ್ಪತ್ರೆಯ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಆ ಚೀಟಿಯಲ್ಲಿ ಕೆಲಸ ಮಾಡಿದ್ದು ಔಷಧಿಯೋ ಆ ಸಾಲೋ ಹೇಳಲಾರೆ.

5. ಅಗ್ಗದ ಮಾತ್ರೆಗೂ ಬೆಲೆ ಇರುತ್ತದೆ, ಕೆಲವೊಮ್ಮೆ ಅದನ್ನು ಬೇರೆಯವರು ಕಟ್ಟುತ್ತಾರೆ

ಮೆಸಾಲಮಿನ್ ಮಾತ್ರೆ ದಿನಾ, ವರ್ಷಾನುವರ್ಷ ನುಂಗಬೇಕು. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಗೆ ದಾಖಲಾದವರ ಕೈಹಿಡಿಯುತ್ತದೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ದಾಖಲಾಗದಂತೆ ಕಾಪಾಡುವ ದಿನದ ಮಾತ್ರೆ ರೋಗಿಯ ಜೇಬಿನಿಂದಲೇ ಬರಬೇಕು. ಜೇಬು ಖಾಲಿಯಾದಾಗ ಏನಾಗುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು: ರಕ್ತ ಕಂಡಾಗ ನುಂಗುವುದು, ನಿಂತಾಗ ಬಿಡುವುದು, ಹೇಳಿದ್ದರಲ್ಲಿ ಅರ್ಧ ನುಂಗುವುದು. ಆಮೇಲೆ ನಾವು "ಔಷಧಿಗೆ ಬಗ್ಗದ ಕಾಯಿಲೆ" ಎಂದು ಬರೆಯುವುದು.

ಹೀಗೊಬ್ಬ ಹುಡುಗನಿಗೆ, ಆಗ ತಾನೇ ಮದುವೆಯಾದವನಿಗೆ, ಹಳೆಯ ಸಲ್ಫಾಸಲಜಿನ್ ಬರೆದೆ. ಬಹಳ ಅಗ್ಗ, ಕೊಲೈಟಿಸ್‌ಗೆ ಒಳ್ಳೆಯದೇ. ಫೋಲಿಕ್ ಆಸಿಡ್ ಜೊತೆಗೆ ಬರೆದೆ. ಹೇಳಲೇಬೇಕಿದ್ದ ಒಂದು ಮಾತು ಬಿಟ್ಟೆ: ಆ ಮಾತ್ರೆ ನುಂಗುವವರೆಗೆ ಗಂಡಸಿನ ವೀರ್ಯಾಣುಗಳ ಸಂಖ್ಯೆ ಇಳಿಯಬಹುದು, ನಿಲ್ಲಿಸಿದರೆ ಎರಡು ಮೂರು ತಿಂಗಳಲ್ಲಿ ಮರಳುತ್ತದೆ. ಅವನ ಕರುಳು ಸುಧಾರಿಸಿತು, ನಾನು ಬೀಗಿದೆ. ಅತ್ತ ಮನೆಯಲ್ಲಿ ಮಕ್ಕಳಾಗಲಿಲ್ಲವೆಂದು ಅವನ ಹೆಂಡತಿಯನ್ನು ಊರೂರಿನ ಲೇಡಿ ಡಾಕ್ಟರ ಹತ್ತಿರ ಸುತ್ತಿಸಿದರು. ಸ್ಕ್ಯಾನು, ಇಂಜೆಕ್ಷನ್ನು, ಹರಕೆ ಎಲ್ಲ ಆಯಿತು. ಎರಡನೇ ಮದುವೆಯ ಮಾತೂ ಬಂದಿತ್ತಂತೆ. ಗಂಡನನ್ನು ಪರೀಕ್ಷೆಗೆ ಒಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಅವನು ಚೀಟಿ ನವೀಕರಿಸಲು ಬಂದಾಗ ಹೆಂಡತಿಯೂ ಜೊತೆಗಿದ್ದಳು. "ಮಕ್ಕಳೆಷ್ಟು?" ಎಂದು ಸುಮ್ಮನೆ ಕೇಳಿದೆ. ಇಬ್ಬರೂ ನೆಲ ನೋಡಿದರು. ಆ ಗಳಿಗೆಯಲ್ಲಿ ನನ್ನ ಹೊಟ್ಟೆಯಲ್ಲಿ ಕಲಸಿದ್ದನ್ನು ಇನ್ನೂ ಮರೆತಿಲ್ಲ. ಎದುರಿಗೇ ಕೂರಿಸಿ ಹೇಳಿದೆ: ತಪ್ಪು ಈಯಮ್ಮನದಲ್ಲ, ಇವರದೂ ಅಲ್ಲ, ನನ್ನದು. ಮಾತ್ರೆ ಬದಲಿಸಿದೆವು. ಖರ್ಚು ಹೆಚ್ಚಾಯಿತು, ಅದಕ್ಕೆ ಅವರು ಹೇಗೋ ಹೊಂದಿಸಿಕೊಂಡರು. ಮುಂದೆ ಮಗುವಾಯಿತು. ಅಷ್ಟರಲ್ಲಿ ಆ ಹುಡುಗಿ ಕೇಳಿಸಿಕೊಂಡ ಮಾತುಗಳನ್ನು ವಾಪಸು ಪಡೆಯಲು ಯಾವ ಚೀಟಿಯೂ ಇಲ್ಲ. ಈಗ ಅಗ್ಗದ ಮಾತ್ರೆ ಬರೆಯುವುದನ್ನು ಬಿಟ್ಟಿಲ್ಲ, ಬಿಡಲೂಬಾರದು. ಬರೆಯುವ ಮುನ್ನ ಮದುವೆಯಾಗಿದೆಯೇ, ಮಗು ಬೇಕಾಗಿದೆಯೇ ಎಂದು ಕೇಳುತ್ತೇನೆ.

6. ಹೊಟ್ಟೆಯಲ್ಲಿ ಮಗು ನಿಂತೊಡನೆ ಮಾತ್ರೆ ನಿಲ್ಲಿಸುವ ಮನೆಗಳು

ಹೆಣ್ಣುಮಕ್ಕಳ ಕಡೆಯ ತಪ್ಪು ಇನ್ನೊಂದು ಬಗೆಯದು. ಬಸುರಿ ಎಂದು ತಿಳಿದ ದಿನವೇ ತಾಯಿಯೋ ಅತ್ತೆಯೋ ಮಾತ್ರೆ ಡಬ್ಬಿ ಎತ್ತಿಡುತ್ತಾರೆ. ಮಗುವಿಗೆ ನಿಜವಾದ ಅಪಾಯ ಕೆರಳಿದ ಕರುಳಿನಿಂದ. ಮೆಸಾಲಮಿನ್ ಸಾಮಾನ್ಯವಾಗಿ ಮುಂದುವರಿಸುವ ಔಷಧಿ, ಅಜಥಯೊಪ್ರಿನ್ ಕೂಡ. ಮೆಥೊಟ್ರೆಕ್ಸೇಟ್ ಮಾತ್ರ ಬಸಿರಿಗೆ ಸಾಕಷ್ಟು ಮೊದಲೇ ನಿಲ್ಲಬೇಕು. ಇದನ್ನು ಬಸಿರಾದ ಮೇಲೆ ಹೇಳಿದರೆ ತಡ. ಮದುವೆಯ ಕರೆಯೋಲೆ ತಂದುಕೊಡುವ ದಿನವೇ ಹೇಳಬೇಕು. ಮಾತ್ರೆ ಡಬ್ಬಿಯ ಮೇಲೆ ಹಕ್ಕಿರುವ ಹಿರಿಯರಿಗೂ ಹೇಳಬೇಕು, ರೋಗಿ ಒಪ್ಪಿದರೆ.

ಗಂಡಿನ ಕಡೆಯವರಿಗೆ ಕಾಯಿಲೆ ವಿಷಯ ಹೇಳಬೇಕೋ ಬೇಡವೋ ಎಂದು ತಾಯಂದಿರು ಕೇಳುತ್ತಾರೆ. ಮೊದಮೊದಲು "ಸತ್ಯ ಹೇಳಿಬಿಡಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಸತ್ಯ ಹೇಳಿ ಸಂಬಂಧ ಮುರಿದುಬಿದ್ದ ಮನೆಯೊಂದು ನನ್ನ ಬಾಯಿ ಮುಚ್ಚಿಸಿತು. ಮುಚ್ಚಿಟ್ಟು ಮದುವೆಯಾಗಿ, ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗುತ್ತ ಆಸ್ಪತ್ರೆ ಸೇರಿದವಳೂ ಇದ್ದಾಳೆ. ಈಗ ಸಲಹೆ ಕೊಡುವುದಿಲ್ಲ. ಇದು ಅಂಟುವುದಿಲ್ಲ, ಬಹುಪಾಲು ಮಕ್ಕಳಿಗೆ ಬರುವುದಿಲ್ಲ, ಹುಡುಗ ಬೇಕಾದರೆ ಬಂದು ನನ್ನನ್ನೇ ಕೇಳಲಿ ಅನ್ನುತ್ತೇನೆ. ಒಂದಿಬ್ಬರು ಬಂದಿದ್ದಾರೆ.

7. ತಟ್ಟೆ ಬೇರೆಯಾದರೆ ಮತ್ತೆ ಒಂದಾಗುವುದಕ್ಕೆ ವರ್ಷಗಳು ಬೇಕು

ನಮ್ಮ ದೇಶದಲ್ಲಿ ಕ್ರೋನ್ಸ್ ಕಾಯಿಲೆಗೆ ಒಂದು ಅವಳಿ ಇದೆ, ಕರುಳಿನ ಟಿಬಿ. ಕೊಲೊನೋಸ್ಕೋಪಿಯಲ್ಲಿ ನೋಡಿದರೂ, ತುಣುಕು ತೆಗೆದು ಪರೀಕ್ಷಿಸಿದರೂ ಎಷ್ಟೋ ಸಲ ಬಿಡಿಸಿ ಹೇಳಲಾಗುವುದಿಲ್ಲ. ಅನುಮಾನವಿದ್ದಾಗ ಟಿಬಿ ಔಷಧಿ ಕೊಟ್ಟು ನೋಡುವುದು ವಾಡಿಕೆ. ಎರಡು ಮೂರು ತಿಂಗಳಲ್ಲಿ ಮತ್ತೆ ಒಳಗೆ ನೋಡಿದಾಗ ಹುಣ್ಣು ಮಾಯದಿದ್ದರೆ ಕ್ರೋನ್ಸ್ ಕಡೆ ತಿರುಗಬೇಕು. ನಾನು ತಿರುಗಲು ತಡಮಾಡಿದ್ದುಂಟು. ಔಷಧಿಯ ನಷ್ಟಕ್ಕಿಂತ "ಟಿಬಿ" ಎಂಬ ಮಾತು ಮನೆಯಲ್ಲಿ ಮಾಡಿದ ಹಾನಿ ದೊಡ್ಡದು. ಕಾಲೇಜು ಹುಡುಗನೊಬ್ಬನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆಯಾದವು. ಶ್ವಾಸಕೋಶದಲ್ಲಿ ಇಲ್ಲದೆ ಕರುಳಲ್ಲಷ್ಟೇ ಇರುವ ಟಿಬಿ ಜೊತೆಗೆ ಕೂತು ಉಂಡವರಿಗೆ ಅಂಟುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಟಿಬಿ ಅಲ್ಲ, ಕ್ರೋನ್ಸ್ ಎಂದು ಆಮೇಲೆ ಹೇಳಿದಾಗ ತಂದೆ ಕೇಳಿದ್ದು ಒಂದೇ: "ಹಂಗಾರೆ ಇದು ಅದಕ್ಕಿಂತ ದೊಡ್ಡದಾ?" ತಟ್ಟೆ ಬೇರೆಯೇ ಉಳಿಯಿತು.

8. ಪಥ್ಯ ಎಂದು ಒಂದು ಸಾಲು ಬರೆದರೆ ಮನೆಯವರು ಹತ್ತು ಸೇರಿಸುತ್ತಾರೆ

"ಖಾರ ಕಡಿಮೆ ಮಾಡಿ" ಅಂದಿದ್ದೆ, ಅಷ್ಟೇ. ಅಜ್ಜಿ ಮೊಸರು ನಿಲ್ಲಿಸಿದರು, ಚಿಕ್ಕಪ್ಪ ಮೊಟ್ಟೆ ನಿಲ್ಲಿಸಿದರು, ಪಕ್ಕದ ಮನೆಯವರು ಉಷ್ಣ ಎಂದು ಬೇಳೆ ಬಿಡಿಸಿದರು. ಕೊನೆಗೆ ಹುಡುಗಿಗೆ ಉಳಿದದ್ದು ಗಂಜಿ, ಉಪ್ಪು. ತೂಕ ಇಳಿದದ್ದು ಕಾಯಿಲೆಯಿಂದ ಎಂದು ನಾನು ಔಷಧಿ ಏರಿಸಿದೆ! ಎಲ್ಲರಿಗೂ ಒಪ್ಪುವ ಒಂದೇ ಪಥ್ಯ ಈ ಕಾಯಿಲೆಗಳಿಗೆ ಇಲ್ಲ. ಕರುಳು ಕಿರಿದಾಗಿದ್ದರೆ ನಾರು, ಸಿಪ್ಪೆ, ಬೀಜ ದೂರವಿಡಬೇಕು. ಕೆರಳಿದ ದಿನಗಳಲ್ಲಿ ಮೆತ್ತಗಿನದು. ಉಳಿದಂತೆ ಹೊಟ್ಟೆಗೆ ಒಗ್ಗಿದ್ದನ್ನು ಹೊಟ್ಟೆ ತುಂಬ ಉಣ್ಣಬೇಕು. ಈಗ ಬಿಡಬೇಕಾದ್ದನ್ನು ಬರೆಯುವುದಿಲ್ಲ, ತಿನ್ನಬೇಕಾದ್ದನ್ನು ಬರೆಯುತ್ತೇನೆ: ರಾಗಿ, ಅನ್ನ, ಬೇಳೆಕಟ್ಟು, ಮೊಟ್ಟೆ, ಮಜ್ಜಿಗೆ ಕುಡಿದರೆ ಆಗುವವರಿಗೆ ಮಜ್ಜಿಗೆ. ಬೀಡಿ ಒಂದನ್ನು ಮಾತ್ರ ಬಿಡಿ ಅನ್ನುತ್ತೇನೆ, ಕ್ರೋನ್ಸ್ ಇರುವವರಿಗಂತೂ ಬೇಡಿಕೊಂಡು.

9. ಮುಖ ತುಂಬಿಕೊಂಡರೆ ಊರು ಹೊಗಳುತ್ತದೆ

ಸ್ಟಿರಾಯ್ಡ್ ಮಾತ್ರೆ ಮುಖ ಊದಿಸುತ್ತದೆ. "ಈಗ ಮೈ ಕೈ ತುಂಬ್ಕೊಂಡೈತೆ, ಚೆನ್ನಾಗಿದೀಯ" ಎಂದು ಜಾತ್ರೆಯಲ್ಲಿ ಹೊಗಳಿದ್ದಕ್ಕೇ ಒಬ್ಬ ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದನ್ನು ತಿಂಗಳುಗಟ್ಟಲೆ ತಂದು ನುಂಗಿದ್ದ. ಅದೇ ಮುಖ ನೋಡಿ ನಾಚಿ ಥಟ್ಟನೆ ನಿಲ್ಲಿಸಿ, ತಲೆಸುತ್ತಿ ಬಿದ್ದು ಬಂದವಳು ಇನ್ನೊಬ್ಬಳು. ಎಲ್ಲಿಯವರೆಗೆ, ಹೇಗೆ ಇಳಿಸಬೇಕು ಎಂಬುದನ್ನು ತಾರೀಖು ಹಾಕಿ ಬರೆದುಕೊಡದ ತಪ್ಪು ನನ್ನದು.

10. ಸರ್ಟಿಫಿಕೇಟಿನಲ್ಲಿ ಏನು ಬರೆಯಬೇಕೆಂದು ಅವರನ್ನೇ ಕೇಳಿ

ಗಾರ್ಮೆಂಟ್ಸ್ ಹುಡುಗಿಯೊಬ್ಬಳು ರಜೆಗಾಗಿ ಕಾಗದ ಕೇಳಿದಳು. ನಾನು ರೋಗದ ಪೂರ್ತಿ ಹೆಸರು, ದೀರ್ಘಕಾಲದ್ದು, ಮರುಕಳಿಸುವಂಥದ್ದು ಎಂದೆಲ್ಲ ಶಾಸ್ತ್ರೋಕ್ತವಾಗಿ ಬರೆದೆ. ಸೂಪರ್‌ವೈಸರು ಓದಿದ್ದು "ದೀರ್ಘಕಾಲ" ಎಂಬ ಮಾತನ್ನು. ಗಂಟೆಗಿಷ್ಟು ಪೀಸು ಎಂಬ ಲೆಕ್ಕದ ಸಾಲಿನಲ್ಲಿ ಅವಳಿಗೆ ಜಾಗ ಉಳಿಯಲಿಲ್ಲ. ಅವಳಿಗೆ ನಿಜಕ್ಕೂ ಬೇಕಿದ್ದದ್ದು ರಜೆಗಿಂತ ಹೆಚ್ಚಾಗಿ, ಯಾವಾಗ ಬೇಕಾದರೂ ಮೆಷಿನ್ ಬಿಟ್ಟು ಎದ್ದು ಹೋಗುವ ಅನುಮತಿ. ಒಂದು ಸಾಲು ಸಾಕಿತ್ತು.

ಅವಳಿಗೆ ಇಎಸ್ಐ ಇತ್ತು, ನಾನು ಕೇಳಲಿಲ್ಲ. ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ, ಇಎಸ್ಐ ಡಿಸ್ಪೆನ್ಸರಿಯಲ್ಲಿ ಔಷಧಿಯೂ. ಈಗ ಕೆಲಸದವರು ಬಂದರೆ ಮೊದಲು ಇಎಸ್ಐ ಕಾರ್ಡ್ ಇದೆಯೇ ಎಂದು ಕೇಳುತ್ತೇವೆ. ಅಂಗವಿಕಲರ ಪ್ರಮಾಣಪತ್ರ ಕೇಳಿ ಬರುವವರಿಗೆ ಮಾತ್ರ ಕೊಡಲು ಏನೂ ಇಲ್ಲ: 2016ರ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಕರುಳಿನ ಈ ಕಾಯಿಲೆಗಳಿಲ್ಲ. ಪಿಯು ಪರೀಕ್ಷೆ ಬರೆಯುವವರಿಗೆ "ಬಾಗಿಲ ಹತ್ತಿರದ ಬೆಂಚು ಕೊಡಿ, ಮಧ್ಯೆ ಹೊರಗೆ ಬಿಡಿ" ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆಯುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ, ಯಾವ ಕಾಯ್ದೆಯೂ ಇಲ್ಲದೆ.

11. ಜೊತೆಗೆ ಬಂದವರು ಉತ್ತರ ಕೊಟ್ಟರೆ ಅದು ಅವರ ಉತ್ತರ

"ಚೆನ್ನಾಗಿದಾಳೆ ಸರ್, ಮಾತ್ರೆ ತಗೊಂತಾಳೆ" ಎಂದು ಗಂಡ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ, ಹೆಂಡತಿ ಚೀಲ ಹಿಡಿದು ನಿಂತಿರುತ್ತಿದ್ದಳು. ಹೀಗೆ ಬರೆದ ಕೇಸ್ ಶೀಟುಗಳನ್ನು ಇವತ್ತು ತೆಗೆದು ನೋಡಿದರೆ ಅದರಲ್ಲಿ ರೋಗಿಯ ಮಾತು ಒಂದೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಒಬ್ಬೊಬ್ಬರೇ, ಇಲ್ಲವೇ ಅಕ್ಕತಂಗಿಯರ ಜೊತೆ ಬರತೊಡಗಿದರು. ಬಸ್ಸಿನ ತಾಪತ್ರಯ ಹಾಗೇ ಇದೆ, ಆದರೆ ಓಪಿಡಿಯಲ್ಲಿ ಮಾತು ಬದಲಾಯಿತು. ಸೀರೆಯ ಒಳಗೆ ಬಟ್ಟೆ ಮಡಚಿ ಇಟ್ಟುಕೊಂಡು ಬಂದಿರುವುದನ್ನು, ಗಂಡನ ಹತ್ತಿರ ಮಲಗಲು ಹೆದರುವುದನ್ನು, ಮಾತ್ರೆ ದುಡ್ಡಿಗೆ ಸಂಘದಲ್ಲಿ ಸಾಲ ಮಾಡಿದ್ದನ್ನು ಈಗ ಕೇಳುತ್ತಿದ್ದೇನೆ. ಜೊತೆಗೆ ಯಾರಾದರೂ ಬಂದರೆ ಸಿಸ್ಟರು ಅವರನ್ನು ಬಿಲ್ಲು ಕಟ್ಟಲು ಕಳಿಸುತ್ತಾರೆ, ಬಿಲ್ಲಿಲ್ಲದಿದ್ದರೂ.

ಗಂಡಸರ ವಿಷಯದಲ್ಲಿ ಈ ಉಪಾಯ ನಡೆದಿಲ್ಲ. ಒಬ್ಬರೇ ಬಂದರೂ "ಆರಾಮಿದೀನಿ ಸರ್, ಅದೇ ಮಾತ್ರೆ ಬರೀರಿ" ಎನ್ನುತ್ತ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ಲಾರಿ ಓಡಿಸುವವರು, ಹಮಾಲಿ ಮಾಡುವವರು, ಮೇಷ್ಟ್ರು ಎಲ್ಲರದೂ ಒಂದೇ ಉತ್ತರ. "ಟೆನ್ಷನ್ ಮಾಡ್ಕೋಬೇಡಿ" ಎಂದು ಹೇಳಿ ಕಳಿಸುವುದನ್ನು ಬಿಟ್ಟಿದ್ದೇನೆ. ಅದನ್ನು ಕೇಳಿದವನೊಬ್ಬ ಕಾಯಿಲೆ ತನ್ನ ತಪ್ಪಿನಿಂದಲೇ ಬಂತೆಂದು ತಿಳಿದು ವರ್ಷ ಈ ಕಡೆ ಸುಳಿಯಲಿಲ್ಲ. ಅದರ ಬದಲು ಏನು ಹೇಳಬೇಕೆಂದು ಇನ್ನೂ ಸರಿಯಾಗಿ ಗೊತ್ತಿಲ್ಲ. ಸದ್ಯಕ್ಕೆ ಅವರ ಕಡೆಯಿಂದ ನಿಜ ಹೇಳುವುದು ತೂಕದ ಯಂತ್ರ ಒಂದೇ. ಸಿಸ್ಟರು ಪ್ರತಿ ಸಲವೂ ಚಪ್ಪಲಿ ಬಿಚ್ಚಿಸಿ ನಿಲ್ಲಿಸುತ್ತಾರೆ.